ಅರ್ಧಮರ್ಧ ಹೊಂದುವ ಹೊಕ್ಕುಳಬಳ್ಳಿ ರಕ್ತ: ಕಸಿ ಆದಮೇಲೆ ಮೈಯೊಳಗೆ ಏನಾಗುತ್ತೆ? ಮನೆಯವರು ಏನು ನೋಡಿಕೊಳ್ಳಬೇಕು?

ಬೆಳ್ಳಟ್ಟಿ: ಹೆರಿಗೆ ಆದಮೇಲೆ ಹೊಕ್ಕುಳಬಳ್ಳಿ, ಕಸ ಎರಡನ್ನೂ ಹುಗಿದು ಕೈ ತೊಳೆದುಕೊಳ್ಳೋದು ನಮ್ಮ ಕಡೆಯ ಹಳೆಯ ರೂಢಿ. ಈಗ ಆ ಬಳ್ಳಿಯೊಳಗಿನ ರಕ್ತಕ್ಕೆ ಬೆಲೆ ಬಂದಿದೆ. 'ಮಗುವಿನ ಬಳ್ಳಿ ರಕ್ತ ಬ್ಯಾಂಕಿನಲ್ಲಿ ಇಡಿ, ಮುಂದೆ ಇಡೀ ಮನೆಗೆ ಆಸರೆ' ಎಂಬ ಜಾಹೀರಾತು ಬಸುರಿ ಇರುವ ಮನೆಯವರ ಮೊಬೈಲಿಗೆ ಬರುತ್ತಿದೆ. ಇನ್ನೊಂದು ಕಡೆ ರಕ್ತದ ಕ್ಯಾನ್ಸರ್, ಥಲಸ್ಸೇಮಿಯಾ ಇರುವ ಮಕ್ಕಳ ಪಾಲಕರಿಗೆ 'ಪೂರ್ತಿ ಹೊಂದುವ ದಾನಿ ಸಿಗಲಿಲ್ಲ, ಅರ್ಧಮರ್ಧ ಹೊಂದುವುದು ಇದೆ, ಏನು ಮಾಡೋಣ?' ಎಂದು ದೊಡ್ಡಾಸ್ಪತ್ರೆಯಲ್ಲಿ ಕೇಳುತ್ತಾರೆ. ಈ ಎರಡೂ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಕಸಿ ಆದಮೇಲೆ ಮೈಯೊಳಗೆ ನಡೆಯುವ ಜಗಳ ಏನು ಅನ್ನೋದು ತಿಳಿದಿರಬೇಕು.

ಬಳ್ಳಿ ರಕ್ತದಲ್ಲಿ ಏನಿದೆ?

ನಮ್ಮ ರಕ್ತದ ಕಣಗಳೆಲ್ಲ ಎಲುಬಿನೊಳಗಿನ ಮಜ್ಜೆಯಲ್ಲಿ ತಯಾರಾಗುತ್ತವೆ. ಅವನ್ನು ತಯಾರಿಸುವ ಮೂಲ ಕೋಶಗಳಿಗೆ ಕಾಂಡಕೋಶ ಅಂತಾರೆ. ಕೂಸು ಹುಟ್ಟಿದಾಗ ಬಳ್ಳಿ ಮತ್ತು ಕಸದಲ್ಲಿ ಉಳಿಯುವ ರಕ್ತದಲ್ಲೂ ಇದೇ ಕಾಂಡಕೋಶಗಳು ಇರುತ್ತವೆ. ಬಳ್ಳಿ ಕತ್ತರಿಸಿದ ಮೇಲೆ ತೆಗೆಯುವುದರಿಂದ ತಾಯಿಗೂ ನೋವಿಲ್ಲ, ಕೂಸಿಗೂ ನೋವಿಲ್ಲ.

ರೋಗಿಯ ಕೆಟ್ಟ ಮಜ್ಜೆಯನ್ನು ಭಾರಿ ಔಷಧಿ ಕೊಟ್ಟು ಖಾಲಿ ಮಾಡುತ್ತಾರೆ. ಆಮೇಲೆ ಈ ಕಾಂಡಕೋಶಗಳನ್ನು ಬಾಟಲಿ ರಕ್ತ ಏರಿಸಿದ ಹಾಗೆ ನರದ ಮೂಲಕ ಬಿಡುತ್ತಾರೆ. ಅವು ತಾವಾಗಿಯೇ ಎಲುಬಿನೊಳಗೆ ಹೋಗಿ ನೆಲೆ ನಿಲ್ಲುತ್ತವೆ. 'ಕಸಿ' ಅಂದರೆ ಇಷ್ಟೇ. ಕುಯ್ಯುವ ಆಪರೇಷನ್ ಇದರಲ್ಲಿ ಇಲ್ಲ.

ಜಗತ್ತಿನಲ್ಲಿ ಮೊದಲ ಬಳ್ಳಿ ರಕ್ತದ ಕಸಿ ನಡೆದದ್ದು 1988ರ ಅಕ್ಟೋಬರ್‌ನಲ್ಲಿ, ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ. ಮಾಡಿದವರು ಡಾ. ಎಲಿಯಾನ್ ಗ್ಲುಕ್‌ಮನ್ ಅವರ ತಂಡ. ಫ್ಯಾಂಕೋನಿ ಅನೀಮಿಯಾ ಎಂಬ ಹುಟ್ಟುರೋಗ ಇದ್ದ ಅಮೆರಿಕದ ಹುಡುಗನಿಗೆ, ಅವನ ತಂಗಿ ಹುಟ್ಟಿದಾಗ ತೆಗೆದಿಟ್ಟ ರಕ್ತವನ್ನು ಕೊಟ್ಟರು. ಅವರಿಬ್ಬರದು ಪೂರ್ತಿ ಹೊಂದಾಣಿಕೆ ಇತ್ತು. ಹುಡುಗ ಉಳಿದ. ಆಮೇಲೆ ಎದ್ದ ಪ್ರಶ್ನೆ, ಹೊಂದಾಣಿಕೆ ಪೂರ್ತಿ ಇರದಿದ್ದರೆ?

ಹೊಂದಾಣಿಕೆ ಅಂದ್ರೆ ರಕ್ತದ ಗುಂಪಲ್ಲ

ಬಹಳ ಮಂದಿ ಇಲ್ಲೇ ತಪ್ಪು ತಿಳಿಯುತ್ತಾರೆ. ಎ, ಬಿ, ಒ ಗುಂಪು ಒಂದೇ ಇರಬೇಕು ಅಂತೇನೂ ಇಲ್ಲ. ಕಸಿ ಯಶಸ್ವಿಯಾದರೆ ರೋಗಿಯ ರಕ್ತದ ಗುಂಪೇ ನಿಧಾನಕ್ಕೆ ದಾನಿಯ ಗುಂಪಿಗೆ ಬದಲಾಗುತ್ತದೆ.

ಇಲ್ಲಿ ನೋಡುವುದು ಎಚ್‌ಎಲ್‌ಎ ಎಂಬ ಗುರುತು. ದೇಹದ ಹೆಚ್ಚುಕಡಿಮೆ ಎಲ್ಲ ಕೋಶಗಳ ಮೇಲೂ ಈ ಗುರುತು ಇರುತ್ತದೆ. 'ಇದು ನಮ್ಮವರದು, ಇದು ಹೊರಗಿನದು' ಎಂದು ರೋಗನಿರೋಧಕ ಕೋಶಗಳು ಗುರುತಿಸುವುದು ಇದರಿಂದಲೇ. ಅರ್ಧ ಗುರುತು ತಾಯಿಯಿಂದ, ಅರ್ಧ ತಂದೆಯಿಂದ ಬರುತ್ತದೆ. ಹಾಗಾಗಿ ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅರ್ಧ ಹೊಂದುವುದು ನಾಲ್ಕರಲ್ಲಿ ಎರಡು, ಏನೂ ಹೊಂದದಿರುವುದು ನಾಲ್ಕರಲ್ಲಿ ಒಂದು.

ಬಳ್ಳಿ ರಕ್ತಕ್ಕೆ ಮೊದಲಿನಿಂದ 6 ಗುರುತು ನೋಡುವ ಪದ್ಧತಿ ಇದೆ. 6ಕ್ಕೆ 6 ಹೊಂದಿದರೆ ಪೂರ್ತಿ. 5 ಅಥವಾ 4 ಹೊಂದಿದರೂ ನಡೆಯುತ್ತದೆ. ಬೇರೆಯವರ ಮಜ್ಜೆ ತಗೊಳ್ಳುವಾಗ ಇಷ್ಟು ಸಡಿಲ ಇಲ್ಲ. ಅಲ್ಲಿ 8ಕ್ಕೆ 8 ಅಥವಾ 10ಕ್ಕೆ 10 ಹೊಂದಬೇಕೆಂದು ವೈದ್ಯರು ಬಯಸುತ್ತಾರೆ. ಈಗಂತೂ ಬಳ್ಳಿ ರಕ್ತಕ್ಕೂ ಇನ್ನಷ್ಟು ಸೂಕ್ಷ್ಮವಾಗಿ ಪರೀಕ್ಷೆ ಮಾಡುತ್ತಾರೆ.

ಕೂಸಿನ ರಕ್ತ ಯಾಕೆ ಹೊಂದಿಕೊಳ್ಳುತ್ತೆ?

ಕಸಿಯ ದೊಡ್ಡ ಭಯ ಎರಡು. ಒಂದು, ರೋಗಿಯ ಮೈ ಬಂದ ಕೋಶಗಳನ್ನು ಒಪ್ಪದೆ ಕೊಂದು ಹಾಕುವುದು. ಇನ್ನೊಂದು ಇದಕ್ಕೆ ಉಲ್ಟಾ: ಬಂದ ಕೋಶಗಳೇ ರೋಗಿಯ ಮೈಯನ್ನು 'ಹೊರಗಿನದು' ಎಂದು ತಿಳಿದು ಮೇಲೆ ಬೀಳುವುದು. ಎರಡನೆಯದಕ್ಕೆ ಆಸ್ಪತ್ರೆಯಲ್ಲಿ ಜಿವಿಎಚ್‌ಡಿ ಅಂತಾರೆ. ಅದರ ಏಟು ಮುಖ್ಯವಾಗಿ ಚರ್ಮ, ಕರುಳು, ಲಿವರ್ ಮೇಲೆ ಬೀಳುತ್ತದೆ.

ಈ ಹಲ್ಲೆ ಮಾಡುವುದು ಟಿ ಕೋಶ ಎಂಬ ಬಿಳಿ ರಕ್ತಕಣ. ದೊಡ್ಡವರ ಟಿ ಕೋಶಗಳು ಹತ್ತಾರು ವರ್ಷ ಸೋಂಕುಗಳ ಜೊತೆ ಹೋರಾಡಿ ಪಳಗಿದವು, ಬೇಗ ಸಿಟ್ಟಿಗೇಳುತ್ತವೆ. ಆಗಷ್ಟೇ ಹುಟ್ಟಿದ ಕೂಸಿನ ಟಿ ಕೋಶಗಳು ಇನ್ನೂ ಯಾವ ರೋಗಾಣುವನ್ನೂ ಕಂಡಿಲ್ಲ. ಊರಿಗೆ ನಿನ್ನೆ ಬಂದ ಕಾವಲುಗಾರನ ಹಾಗೆ, ಯಾರ ಮೇಲೂ ತಟ್ಟನೆ ಕೈ ಎತ್ತುವುದಿಲ್ಲ. ಅದಕ್ಕೇ ಒಂದೆರಡು ಗುರುತು ಹೊಂದದಿದ್ದರೂ ಜಿವಿಎಚ್‌ಡಿ ಅಷ್ಟು ಜೋರಾಗಿ ಬರುವುದಿಲ್ಲ.

ಇದು ಬರೀ ಊಹೆ ಅಲ್ಲ. 1996ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡಾ. ಜೋನ್ ಕರ್ಟ್ಸ್‌ಬರ್ಗ್ ಅವರ ತಂಡ 25 ರೋಗಿಗಳ ವಿವರ ಪ್ರಕಟಿಸಿತು. ಅವರಿಗೆಲ್ಲ ಸಂಬಂಧವೇ ಇಲ್ಲದ ಕೂಸುಗಳ ಬಳ್ಳಿ ರಕ್ತ ಕೊಡಲಾಗಿತ್ತು. 25ರಲ್ಲಿ 24 ಮಂದಿಗೆ ಒಂದರಿಂದ ಮೂರು ಗುರುತು ಹೊಂದಿರಲಿಲ್ಲ. ಆದರೂ 23 ಮಂದಿಯಲ್ಲಿ ಕೋಶಗಳು ನೆಲೆ ನಿಂತವು.

2007ರಲ್ಲಿ ರಕ್ತ ಕ್ಯಾನ್ಸರಿನ ಮಕ್ಕಳ ಮೇಲೆ ಬಂದ ಇನ್ನೊಂದು ಅಧ್ಯಯನದಲ್ಲಿ ಬಳ್ಳಿ ರಕ್ತ ಪಡೆದ 503 ಮಕ್ಕಳನ್ನು ಮಜ್ಜೆ ಪಡೆದ 282 ಮಕ್ಕಳ ಜೊತೆ ಹೋಲಿಸಿದರು. ಒಂದೆರಡು ಗುರುತು ತಪ್ಪಿದ ಬಳ್ಳಿ ರಕ್ತ ಪಡೆದವರು ಐದು ವರ್ಷದ ಮೇಲೆ ಕ್ಯಾನ್ಸರ್ ಇಲ್ಲದೆ ಬದುಕಿದ ಪ್ರಮಾಣ, ಪೂರ್ತಿ ಹೊಂದಿದ ಮಜ್ಜೆ ಪಡೆದವರಷ್ಟೇ ಇತ್ತು. ಆದರೆ ಎರಡು ಗುರುತು ತಪ್ಪಿದವರಲ್ಲಿ ಕಸಿಯ ತೊಂದರೆಯಿಂದಲೇ ಸತ್ತವರು ಹೆಚ್ಚು, ಕ್ಯಾನ್ಸರ್ ಮರಳಿ ಬಂದವರು ಕಡಿಮೆ. ಹೊಂದದ ಕೋಶಗಳು ಉಳಿದ ಕ್ಯಾನ್ಸರ್ ಕೋಶಗಳನ್ನೂ 'ಹೊರಗಿನದು' ಎಂದು ಹೊಡೆಯುತ್ತವೆ. ಲಾಭ, ನಷ್ಟ ಎರಡೂ ಒಂದೇ ಗುಣದಿಂದ ಬರುತ್ತವೆ.

ಬೆಲೆ ತೆರುವುದು ಎಲ್ಲಿ?

ಜಗಳ ಗೊತ್ತಿಲ್ಲದ ಕಾವಲುಗಾರನಿಗೆ ಕಳ್ಳನೂ ಗೊತ್ತಿಲ್ಲ. ಬಳ್ಳಿ ರಕ್ತದ ಕಸಿಯಲ್ಲಿ ತೆರಬೇಕಾದ ದೊಡ್ಡ ಬೆಲೆ ಇದೇ.

ಮೊದಲ ಹಂತ, ಬಿಳಿ ರಕ್ತಕಣ ಏರುವುದು. ಮಜ್ಜೆಯ ಕಸಿಯಲ್ಲಿ ಇದಕ್ಕೆ ಎರಡು ಮೂರು ವಾರ ಹಿಡಿದರೆ, ಬಳ್ಳಿ ರಕ್ತದಲ್ಲಿ ಮೂರು ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು. ಅಲ್ಲಿವರೆಗೆ ಸಣ್ಣ ಸೋಂಕೂ ಜೀವಕ್ಕೆ ಕುತ್ತು ತರಬಹುದು. ಕಣಗಳು ಏರುವ ಮುಂಚೆ, ಒಂದು ವಾರ ಕಳೆದ ಹೊತ್ತಿಗೆ, ಸೋಂಕಿಲ್ಲದೆಯೂ ಜ್ವರ, ಮೈಮೇಲೆ ಕೆಂಪು ದದ್ದು, ತೂಕ ಏರುವುದು ಕಂಡುಬರಬಹುದು. ಹೊಸ ಕೋಶಗಳು ಕಣ್ಣು ಬಿಡುತ್ತಿರುವ ಲಕ್ಷಣ ಇದು. ಔಷಧಿಯಿಂದ ತಹಬಂದಿಗೆ ಬರುತ್ತದೆ.

ಎರಡನೇ ಹಂತ, ಜಿವಿಎಚ್‌ಡಿ. ತೀವ್ರವಾದದ್ದು ಹೆಚ್ಚಾಗಿ ಮೊದಲ 100 ದಿನದೊಳಗೆ ಕಾಣಿಸುತ್ತದೆ. ಬಹುದಿನ ಕಾಡುವ ರೀತಿಯದು ಆಮೇಲೆ ಬರುತ್ತದೆ: ಬಾಯಿ ಒಣಗುವುದು, ಕಣ್ಣು ಉರಿಯುವುದು, ಚರ್ಮ ಬಿಗಿಯುವುದು, ಏದುಸಿರು. ಇದನ್ನು ತಡೆಯಲು ಸೈಕ್ಲೋಸ್ಪೋರಿನ್ ಅಥವಾ ಟ್ಯಾಕ್ರೋಲಿಮಸ್‌ನಂಥ ಮಾತ್ರೆಗಳನ್ನು ತಿಂಗಳುಗಟ್ಟಲೆ ಕೊಡುತ್ತಾರೆ. ಈ ಮಾತ್ರೆಗಳು ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುತ್ತವೆ. ಹಾಗಾಗಿ ಸೋಂಕಿನ ಭಯ ಇನ್ನಷ್ಟು ಹೆಚ್ಚು.

ಮೂರನೇ ಹಂತ, ಹೊಸ ಟಿ ಕೋಶಗಳು ಕಲಿಯುವುದು. ಎದೆಗೂಡಿನೊಳಗಿನ ಥೈಮಸ್ ಎಂಬ ಗ್ರಂಥಿಯಲ್ಲಿ ಅವು ಪಾಠ ಕಲಿಯುತ್ತವೆ. ಇದಕ್ಕೆ 9 ತಿಂಗಳಿಂದ ವರ್ಷ, ಕೆಲವರಿಗೆ ಅದಕ್ಕೂ ಹೆಚ್ಚು ಬೇಕು. ಈ ಗ್ರಂಥಿ ಚಿಕ್ಕ ಮಕ್ಕಳಲ್ಲಿ ಚುರುಕು, ವಯಸ್ಸಾದಂತೆ ಕುಗ್ಗುತ್ತದೆ. ಚಿಕ್ಕವರಿಗೆ ಬಳ್ಳಿ ರಕ್ತ ಹೆಚ್ಚು ಒಗ್ಗಲು ಇದೂ ಒಂದು ಕಾರಣ. ಮೈಯಲ್ಲಿ ಮೊದಲೇ ಅಡಗಿ ಕೂತ ಸಿಎಂವಿಯಂಥ ವೈರಸ್‌ಗಳು ಈ ಅವಧಿಯಲ್ಲೇ ತಲೆ ಎತ್ತುತ್ತವೆ.

ತೂಕದ ಲೆಕ್ಕ

ಒಂದು ಬಳ್ಳಿಯಲ್ಲಿ ಸಿಗುವ ರಕ್ತ ಸಾಮಾನ್ಯವಾಗಿ ಒಂದು ಚಹಾ ಲೋಟದಷ್ಟು. ರೋಗಿಯ ಒಂದು ಕಿಲೋ ತೂಕಕ್ಕೆ ಕನಿಷ್ಠ ಎರಡೂವರೆ ಕೋಟಿ ಕೋಶ ಬೇಕು ಅನ್ನುವುದು ಚಾಲ್ತಿಯಲ್ಲಿರುವ ಅಳತೆ. 10 ಕಿಲೋ ಮಗುವಿಗೆ 25 ಕೋಟಿ ಸಾಕು. 60 ಕಿಲೋ ತೂಕದವರಿಗೆ 150 ಕೋಟಿ ಬೇಕು, ಅಷ್ಟು ಒಂದು ಬಳ್ಳಿಯಲ್ಲಿ ಸಿಗುವುದು ಕಷ್ಟ. ಹೊಂದಾಣಿಕೆ ಕಡಿಮೆ ಆದಷ್ಟೂ ಕೋಶ ಇನ್ನೂ ಹೆಚ್ಚು ಬೇಕು. ದೊಡ್ಡವರಿಗೆ ಎರಡು ಬಳ್ಳಿಯ ರಕ್ತ ಒಟ್ಟಿಗೆ ಕೊಡುವ ಪದ್ಧತಿಯೂ ಬಂದಿದೆ. ಆದರೆ ಕೊನೆಗೆ ಸಾಮಾನ್ಯವಾಗಿ ಅದರಲ್ಲಿ ಒಂದೇ ನೆಲೆ ನಿಲ್ಲುತ್ತದೆ.

ಥಲಸ್ಸೇಮಿಯಾಕ್ಕೆ ಲೆಕ್ಕವೇ ಬೇರೆ

ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಿಕೊಳ್ಳುವ ಮಕ್ಕಳ ಪಾಲಕರು ಇದನ್ನು ಗಮನವಿಟ್ಟು ಓದಬೇಕು.

ಕ್ಯಾನ್ಸರಿನ ರೋಗಿಗೆ ಕಸಿಗೆ ಮುಂಚೆಯೇ ಕೀಮೋ ಆಗಿ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ಥಲಸ್ಸೇಮಿಯಾ ಮಗುವಿನಲ್ಲಿ ಅದು ಗಟ್ಟಿಯಾಗಿಯೇ ಇರುತ್ತದೆ. ಮೇಲಾಗಿ ನೂರಾರು ಬಾಟಲಿ ಬೇರೆಯವರ ರಕ್ತ ಏರಿದ್ದರಿಂದ ಹೊರಗಿನ ಗುರುತುಗಳ ವಿರುದ್ಧ ಪ್ರತಿಕಾಯಗಳು ತಯಾರಾಗಿರಬಹುದು. ಅರ್ಧಮರ್ಧ ಹೊಂದುವ ಬಳ್ಳಿ ರಕ್ತ ಬಂದರೆ ಮೈ ಅದನ್ನು ತಳ್ಳಿಬಿಡಬಹುದು.

ಹಲವು ಕೇಂದ್ರಗಳ ದಾಖಲೆ ಕೂಡಿಸಿ 2011ರಲ್ಲಿ ಪ್ರಕಟವಾದ ವರದಿಯಲ್ಲಿ, ಸಂಬಂಧವಿಲ್ಲದವರ ಬಳ್ಳಿ ರಕ್ತ ಪಡೆದ ಥಲಸ್ಸೇಮಿಯಾ ಮಕ್ಕಳು 35. ಅದರಲ್ಲಿ 20 ಮಕ್ಕಳಲ್ಲಿ ಕಸಿ ಹಿಡಿಯಲೇ ಇಲ್ಲ. ರೋಗಮುಕ್ತರಾಗಿ ಉಳಿದವರ ಪ್ರಮಾಣ ಸುಮಾರು ಶೇ. 21. ಅದೇ 2013ರಲ್ಲಿ ಬಂದ ಇನ್ನೊಂದು ವರದಿಯಲ್ಲಿ, ಪೂರ್ತಿ ಹೊಂದುವ ಒಡಹುಟ್ಟಿದವರ ಬಳ್ಳಿ ರಕ್ತ ಪಡೆದ ಥಲಸ್ಸೇಮಿಯಾ ಮಕ್ಕಳಲ್ಲಿ ಆರು ವರ್ಷದ ನಂತರ ಶೇ. 80ರಷ್ಟು ಮಕ್ಕಳು ರೋಗಮುಕ್ತರು. ಒಡಹುಟ್ಟಿದವರ ಮಜ್ಜೆ ಪಡೆದವರಲ್ಲಿ ಶೇ. 86.

ಅಂದ್ರೆ ಥಲಸ್ಸೇಮಿಯಾಕ್ಕೆ ಒಡಹುಟ್ಟಿದವರ ಬಳ್ಳಿ ರಕ್ತ ಒಳ್ಳೆಯ ದಾರಿ. ಸಂಬಂಧವಿಲ್ಲದವರ, ಅರ್ಧಮರ್ಧ ಹೊಂದುವ ಬಳ್ಳಿ ರಕ್ತ ದೊಡ್ಡ ಅಪಾಯದ ದಾರಿ.

ಬ್ಯಾಂಕಿನಲ್ಲಿ ಇಡಬೇಕಾ, ಬೇಡವಾ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ನೇರವಾಗಿ ಹೇಳಿದೆ: ಮುಂದೆ ತನಗೇ ಬೇಕಾಗಬಹುದು ಎಂದು ಕೂಸಿನ ಬಳ್ಳಿ ರಕ್ತ ಕೂಡಿಡಲು ವೈಜ್ಞಾನಿಕ ಆಧಾರ ಇಲ್ಲ. ಭಾರತೀಯ ಮಕ್ಕಳ ವೈದ್ಯರ ಸಂಘ (ಐಎಪಿ) 2018ರಲ್ಲಿ, ಇದನ್ನು 'ಜೈವಿಕ ವಿಮೆ' ಎಂದು ಮಾರುವುದು ಸರಿಯಲ್ಲ ಎಂದಿತು.

ಕಾರಣ ಸರಳ. ಥಲಸ್ಸೇಮಿಯಾದಂಥ ಹುಟ್ಟುರೋಗ ಬಂದ ಮಗುವಿನ ಸ್ವಂತ ಬಳ್ಳಿ ರಕ್ತದಲ್ಲೂ ಅದೇ ದೋಷ ಇರುತ್ತದೆ. ತಿರುಗಿ ಕೊಟ್ಟರೆ ಅದೇ ರೋಗ. ರಕ್ತ ಕ್ಯಾನ್ಸರಿನಲ್ಲಿ ಸ್ವಂತ ಕೋಶಗಳು ಕ್ಯಾನ್ಸರಿನ ಜೊತೆ ಜಗಳ ಆಡುವುದಿಲ್ಲ.

ಇಡಬೇಕಾದ ಸಂದರ್ಭ ಒಂದಿದೆ. ಮನೆಯಲ್ಲಿ ಕಸಿಯಿಂದ ವಾಸಿಯಾಗುವ ರೋಗದ ಮಗು ಇದ್ದು, ತಾಯಿ ಮತ್ತೆ ಬಸುರಿ ಇದ್ದರೆ, ಹುಟ್ಟುವ ಕೂಸಿನ ಬಳ್ಳಿ ರಕ್ತ ಎಸೆಯಬಾರದು. ಹೆರಿಗೆಯ ದಿನ ಹೇಳಿದರೆ ಆಗುವುದಿಲ್ಲ. ಏಳನೇ ತಿಂಗಳೊಳಗೆ ಕಸಿ ವೈದ್ಯರು, ಹೆರಿಗೆ ವೈದ್ಯರು ಇಬ್ಬರಿಗೂ ತಿಳಿಸಿ ವ್ಯವಸ್ಥೆ ಮಾಡಿಕೊಳ್ಳಬೇಕು. ಬ್ಯಾಂಕಿಗೆ ಔಷಧ ನಿಯಂತ್ರಣ ಇಲಾಖೆಯ ಲೈಸೆನ್ಸ್ ಇದೆಯೇ ಎಂದು ಕೇಳಿ ನೋಡಬೇಕು.

ಆದರೂ ಇದು ಲಾಟರಿಯಲ್ಲ, ಲೆಕ್ಕ. ತಂದೆ ತಾಯಿ ಇಬ್ಬರಲ್ಲೂ ಥಲಸ್ಸೇಮಿಯಾದ ಅಂಶ ಇದ್ದರೆ, ಹುಟ್ಟುವ ಕೂಸಿಗೆ ರೋಗ ಇಲ್ಲದಿರುವ ಸಾಧ್ಯತೆ ನಾಲ್ಕರಲ್ಲಿ ಮೂರು. ಅಣ್ಣ ಅಥವಾ ಅಕ್ಕನ ಜೊತೆ ಪೂರ್ತಿ ಹೊಂದುವುದು ನಾಲ್ಕರಲ್ಲಿ ಒಂದು. ಎರಡೂ ಕೂಡಿ ಬರುವುದು 16ರಲ್ಲಿ 3. ಸೋದರಮಾವ, ಅತ್ತೆ ಮಗ ಎಂದು ಒಳಗೊಳಗೇ ಮದುವೆಯಾದ ಮನೆಗಳಲ್ಲಿ ಎರಡು ಮಾತು ನೆನಪಿಡಬೇಕು. ಇಂಥ ರೋಗದ ಅಂಶ ಗಂಡ ಹೆಂಡತಿ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಹಾಗೆಯೇ ಬಳಗದಲ್ಲಿ ಹೊಂದುವ ದಾನಿ ಸಿಗುವ ಸಾಧ್ಯತೆಯೂ ಹೆಚ್ಚು. ಅದಕ್ಕೇ ಒಡಹುಟ್ಟಿದವರು ಹೊಂದದಿದ್ದರೆ ಹತ್ತಿರದ ಬಳಗವನ್ನೂ ಪರೀಕ್ಷಿಸಬಹುದೇ ಎಂದು ವೈದ್ಯರನ್ನು ಕೇಳಬೇಕು.

ಈಗ ಬೇರೆ ದಾರಿಯೂ ಇದೆ

ಅರ್ಧ ಹೊಂದುವ ತಂದೆ, ತಾಯಿ ಅಥವಾ ಒಡಹುಟ್ಟಿದವರ ಕೋಶ ಕೊಟ್ಟು, ಮೂರು ನಾಲ್ಕನೇ ದಿನ ಸೈಕ್ಲೋಫಾಸ್ಫಮೈಡ್ ಎಂಬ ಔಷಧಿಯಿಂದ ಸಿಟ್ಟಿನ ಟಿ ಕೋಶಗಳನ್ನಷ್ಟೇ ಹೊಸಕುವ ಪದ್ಧತಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ರೂಪುಗೊಂಡಿತು. ಭಾರತದಲ್ಲೂ ಇದು ಬಳಕೆಯಲ್ಲಿದೆ. ದಾನಿ ಮನೆಯಲ್ಲೇ ಇರುತ್ತಾರೆ, ಬ್ಯಾಂಕಿನ ಖರ್ಚಿಲ್ಲ. ಸಂಬಂಧವಿಲ್ಲದವರ ಬಳ್ಳಿ ರಕ್ತದ ಬಳಕೆ ಇಳಿಯಲು ಇದೂ ಕಾರಣ.

ಸಂಬಂಧವಿಲ್ಲದ ದಾನಿಗಳನ್ನು ಹುಡುಕಲು ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್‌ನಂಥ ನೋಂದಣಿ ಸಂಸ್ಥೆಗಳಿವೆ. 18 ತುಂಬಿದ ಆರೋಗ್ಯವಂತರು ಕೆನ್ನೆಯ ಒಳಗಿನ ಎಂಜಲಿನ ಮಾದರಿ ಕೊಟ್ಟು ಹೆಸರು ಬರೆಸಬಹುದು. ನಮ್ಮ ಸೀಮೆಯವರು ಹೆಚ್ಚು ಹೆಸರು ಬರೆಸಿದಷ್ಟೂ ನಮ್ಮ ಸೀಮೆಯ ರೋಗಿಗೆ ಹೊಂದುವವರು ಸಿಗುವ ಸಾಧ್ಯತೆ ಹೆಚ್ಚು.

ಖರ್ಚಿನ ವಿಷಯಕ್ಕೆ ಬಂದರೆ, ಥಲಸ್ಸೇಮಿಯಾ ಮಕ್ಕಳಿಗೆ ಕೋಲ್ ಇಂಡಿಯಾದ 'ಥಲಸ್ಸೇಮಿಯಾ ಬಾಲ ಸೇವಾ ಯೋಜನೆ' 2017ರಿಂದ ಇದೆ. ನಿಗದಿತ ಆಸ್ಪತ್ರೆಗಳಲ್ಲಿ, ಮನೆಯೊಳಗೇ ಹೊಂದುವ ದಾನಿ ಇದ್ದರೆ 10 ಲಕ್ಷ ರೂ. ತನಕ ನೆರವು ಸಿಗುತ್ತದೆ. ಬೆಂಗಳೂರಿನ ಸಂಕಲ್ಪ್ ಇಂಡಿಯಾ ಫೌಂಡೇಶನ್ ಥಲಸ್ಸೇಮಿಯಾ ಮಕ್ಕಳ ಚಿಕಿತ್ಸೆ, ಕಸಿ ಎರಡರಲ್ಲೂ ಕೆಲಸ ಮಾಡುತ್ತಿದೆ.

ಕಸಿ ಮುಗಿಸಿ ಊರಿಗೆ ಬಂದಮೇಲೆ

ಆಸ್ಪತ್ರೆಯಿಂದ ಬಿಟ್ಟರು ಅಂದ್ರೆ ವಾಸಿ ಆಯ್ತು ಅಂತಲ್ಲ. ಅಪಾಯದ ದೊಡ್ಡ ಪಾಲು ಮನೆಯಲ್ಲಿ ಇರುವಾಗಲೇ ಕಳೆಯಬೇಕು.

- ಜ್ವರ ಬಂದರೆ ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಗೊಂಡು ಕಾಯಬೇಡಿ. ಅದೇ ದಿನ, ರಾತ್ರಿಯಾದರೂ ಸರಿ, ಕಸಿ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ.
- ಅಂಗೈ, ಅಂಗಾಲು, ಕಿವಿಯ ಹಿಂದೆ ಕೆಂಪು ದದ್ದು, ನೀರಿನಂಥ ಭೇದಿ, ಕಣ್ಣು ಹಳದಿ: ಇವು ಜಿವಿಎಚ್‌ಡಿ ಲಕ್ಷಣ ಇರಬಹುದು.
- ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ನಾಟಿ ಔಷಧಿ ಬೆರೆಸಬಾರದು. ಚಕ್ಕೋತ ಹಣ್ಣು ತಿಂದರೆ ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್ ರಕ್ತದಲ್ಲಿ ಮಿತಿ ಮೀರುತ್ತವೆ.
- ತಿಪ್ಪೆ, ಹೊಟ್ಟಿನ ಕಣಜ, ಹಗೇವು, ಶೇಂಗಾ ಒಕ್ಕುವ ಜಾಗ, ಮನೆ ಕೆಡವುವ ಧೂಳಿನಿಂದ ಮಗುವನ್ನು ದೂರ ಇಡಬೇಕು. ಅಲ್ಲಿನ ಬೂಸ್ಟು ಪುಪ್ಪುಸಕ್ಕೆ ಹೋಗುತ್ತದೆ.
- ರೊಟ್ಟಿ ಜೊತೆ ಹಸಿ ಮೆಂತ್ಯೆ, ಹಕ್ಕರಕಿ, ಮೂಲಂಗಿ ತಪ್ಪಲು ವೈದ್ಯರು ಹೇಳುವವರೆಗೆ ಬೇಡ. ಬೇಯಿಸಿದ್ದು, ಬಿಸಿಯಾಗಿದ್ದು, ಕುದಿಸಿ ಆರಿಸಿದ ನೀರು ಮಾತ್ರ.
- ಬಿಸಿಲಿಗೆ ಮೈ ಒಡ್ಡಬಾರದು. ಚರ್ಮದ ಜಿವಿಎಚ್‌ಡಿ ಕೆರಳುತ್ತದೆ.
- ರಕ್ತ ಏರಿಸಬೇಕಾದರೆ ವಿಕಿರಣಕ್ಕೆ ಒಡ್ಡಿದ ರಕ್ತವೇ ಬೇಕು. ಸ್ಥಳೀಯ ಆಸ್ಪತ್ರೆಗೆ ಹೋದಾಗ 'ಕಸಿ ಆಗಿದೆ' ಎಂದು ಮೊದಲೇ ಹೇಳಿ. ಕಸಿಗೆ ಮುಂಚೆಯೂ, ಕೋಶ ಕೊಡುವ ಸಂಬಂಧಿಕರ ರಕ್ತವನ್ನು ರೋಗಿಗೆ ಏರಿಸಬಾರದು.
- ಚಿಕ್ಕಂದಿನ ಲಸಿಕೆಯ ಬಲ ಅಳಿದಿರುತ್ತದೆ. ಎಲ್ಲ ಲಸಿಕೆ ಮತ್ತೆ ಹಾಕಿಸಬೇಕು. ದಡಾರದಂಥ ಜೀವಂತ ಲಸಿಕೆ ಎರಡು ವರ್ಷದ ಒಳಗೆ ಬೇಡ. ಮನೆಯ ಬೇರೆ ಮಕ್ಕಳಿಗೆ ಬಾಯಿಯ ಪೋಲಿಯೊ ಹನಿ ಹಾಕಿಸುವ ಮುನ್ನ ಕಸಿ ವೈದ್ಯರನ್ನು ಕೇಳಿ. ಆಶಾ ಕಾರ್ಯಕರ್ತೆಗೂ ವಿಷಯ ತಿಳಿಸಿರಿ.
- ನೆಂಟರು ನೋಡಲು ಬರುವುದು ಪ್ರೀತಿಯಿಂದಲೇ. ಆದರೂ ನೆಗಡಿ, ಕೆಮ್ಮು ಇದ್ದವರು ಹೊರಗಿನಿಂದಲೇ ಮಾತಾಡಿ ಹೋಗಲಿ.

ಕಸಿಗೆ ಒಪ್ಪುವ ಮುಂಚೆ ಕೇಳಬೇಕಾದ ಐದು ಪ್ರಶ್ನೆ

1. 6ರಲ್ಲಿ (ಅಥವಾ 8ರಲ್ಲಿ) ಎಷ್ಟು ಗುರುತು ಹೊಂದಿವೆ?
2. ನಮ್ಮ ಮಗುವಿನ ತೂಕಕ್ಕೆ ಕೋಶ ಸಾಕಾ?
3. ದಾನಿಯ ಗುರುತಿನ ವಿರುದ್ಧ ಪ್ರತಿಕಾಯ ಇದೆಯಾ ಎಂದು ಪರೀಕ್ಷೆ ಆಗಿದೆಯಾ?
4. ಕಸಿ ಹಿಡಿಯದಿದ್ದರೆ ಮುಂದಿನ ದಾರಿ ಯಾವುದು, ಎರಡನೇ ದಾನಿ ಯಾರು?
5. ಎಷ್ಟು ತಿಂಗಳು ಆಸ್ಪತ್ರೆಯ ಹತ್ತಿರ ಮನೆ ಮಾಡಿಕೊಂಡು ಇರಬೇಕು, ಒಟ್ಟು ಖರ್ಚೆಷ್ಟು?

ಮೊದಲ ಹೆಜ್ಜೆಯಾಗಿ ಗದಗ ಅಥವಾ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ತೋರಿಸಿ, ಅಲ್ಲಿಂದ ಶಿಫಾರಸು ಪತ್ರ ಪಡೆದು ಕಸಿ ಕೇಂದ್ರಕ್ಕೆ ಹೋಗಬಹುದು. ರಕ್ತ ಏರಿಸಿದ ದಾಖಲೆ, ಹಳೆಯ ರಿಪೋರ್ಟ್, ಆಯುಷ್ಮಾನ್ ಕಾರ್ಡ್, ರೇಷನ್ ಕಾರ್ಡ್ ಜೊತೆಗಿರಲಿ. ಆರೋಗ್ಯ ಮಾಹಿತಿಗೆ 104, ತುರ್ತು ಆಂಬುಲೆನ್ಸ್‌ಗೆ 108.